ನಲೇದಿಯ ತಾಯಿ ಕಡೂರಿಗೆ ಹೊರಟಾಗ

"ನಮಗೆ ಮಕ್ಕಳಿಲ್ಲಮ್ಮ," ಎಂದರು ನನ್ನ ಗಂಡ.

ಕಡೂರು ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಬಾಡಿಗೆ ಮನೆಯೊಂದನ್ನು ನೋಡುತ್ತ ನಿಂತಿದ್ದೆವು. ಕೊಬ್ಬರಿ ವ್ಯಾಪಾರದವರ ಮನೆ, ಮೇಲಿನ ಮಹಡಿ ಖಾಲಿಯಿತ್ತು. ಮನೆಯೊಡತಿ ಒಳ್ಳೆಯ ಹೆಂಗಸು. ನಾವು ದೂರದ ದೇಶದಿಂದ ಊರಿಗೇ ವಾಪಸ್ ಬಂದುಬಿಡುವವರು ಎಂದು ತಿಳಿದು ಕಾಫಿ ಕೊಟ್ಟು, ಎಲ್ಲರೂ ಕೇಳುವುದನ್ನೇ ಕೇಳಿದ್ದಳು. "ಎಷ್ಟು ಜನ ಮಕ್ಳು? ಎಲ್ಲವ್ರೆ ಈಗ?"

ನಾನು ಬಾಯಿ ತೆರೆಯುವಷ್ಟರಲ್ಲಿ ಇವರು ಉತ್ತರ ಕೊಟ್ಟಾಗಿತ್ತು. ಮದುವೆಯಾಗಿ ಇಷ್ಟು ವರ್ಷವಾದರೂ ಇವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಅಯ್ಯೋ, ಹೋಗ್ಲಿ ಬಿಡಿ. ಶಿವ ಕೊಟ್ಟಂಗಾಗ್ತದೆ," ಎಂದು ಆಕೆ ನಲ್ಲಿ ತಿರುಗಿಸಿ, ನೀರು ಎಷ್ಟು ರಭಸವಾಗಿ ಬರುತ್ತದೆ ಎಂದು ತೋರಿಸಿದಳು. ಇವರು ಬಗ್ಗಿ ನೀರನ್ನೇ ನೋಡುತ್ತ ನಿಂತರು. ಹುಟ್ಟಿ ಬೆಳೆದ ಸೀಮೆಯಲ್ಲಿ, ನನ್ನ ಭಾಷೆಯಲ್ಲೇ ಮಾತಾಡುವವರ ನಡುವೆ, ನಾನು ಯಾವುದೋ ಪರದೇಶಕ್ಕೆ ಬಂದು ಇಳಿದ ಹಾಗೆ ನಿಂತಿದ್ದೆ.

ಆ ಮನೆಯನ್ನೇ ಗೊತ್ತು ಮಾಡಿದೆವು. ಈಗ ಇದನ್ನು ಬರೆಯುತ್ತಿರುವುದು, ಸಾಮಾನು ಕಟ್ಟಲು ವಾಪಸ್ ಬಂದ ಮೇಲೆ, ಆಫ್ರಿಕಾದ ಬೋಟ್ಸ್ವಾನಾ ದೇಶದ ಮಹಲಾಪ್ಯೆ ಎಂಬ ಊರಿನಿಂದ. ಸುತ್ತ ಪೆಟ್ಟಿಗೆಗಳು, ಗೋಡೆಯ ಮೇಲೆ ಪಟ ತೆಗೆದಿಟ್ಟ ಜಾಗದ ಕಲೆ. ಇವರು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಗಣಿತದ ಮೇಷ್ಟ್ರು. ವಯಸ್ಸಾಯಿತು, ಕರಾರು ಮುಗಿಯಿತು. ಕರಾರು ಮುಗಿದ ಮೇಲೆ ಇರಲು ಪರವಾನಗಿಯೂ ಇಲ್ಲ. ಹೋಗಬೇಕು, ಅಷ್ಟೆ.

ನಾನು ಅಜ್ಜಂಪುರದವಳು, ಇವರು ಬುಕ್ಕಾಂಬುಧಿಯವರು. ಮದುವೆಯಾದ ಹೊಸತರಲ್ಲಿ ಇಲ್ಲಿಗೆ ಬಂದಾಗ ನನಗೆ ಕಡೂರಿನಿಂದ ಆಚೆಗೆ ಗೊತ್ತಿದ್ದದ್ದು ಬೆಂಗಳೂರು ಮಾತ್ರ. ಮಹಲಾಪ್ಯೆಯೂ ಕಡೂರಿನ ಹಾಗೆ ರೈಲು ಹಳಿಯ ಊರೇ. ಕುರುಚಲು ಜಾಲಿ, ಕೆಂಪು ಧೂಳು, ಮಳೆಗಾಗಿ ಆಕಾಶ ನೋಡುವ ಜನ. ಇಲ್ಲಿ ಮಳೆಗೆ 'ಪುಲಾ' ಎನ್ನುತ್ತಾರೆ, ದುಡ್ಡಿಗೂ ಅದೇ ಹೆಸರು. ಕಡೂರು ಸೀಮೆಯವರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಇಷ್ಟು ಹೋಲಿಕೆಯಿದ್ದರೂ ಮೊದಲ ತಿಂಗಳುಗಳಲ್ಲಿ ಇವರು ಶಾಲೆಗೆ ಹೋದೊಡನೆ ನಾನು ಚಿಲಕ ಹಾಕಿ ಒಳಗೆ ಕೂತುಬಿಡುತ್ತಿದ್ದೆ. ಹೊರಗೆ ಹೋದರೆ ಎದುರಾದವರೆಲ್ಲ ನಿಂತು 'ದುಮೇಲಾ' ಎಂದು ನಮಸ್ಕರಿಸಿ, ಬೆಳಿಗ್ಗೆ ಹೇಗೆ ಎದ್ದಿರಿ ಎಂದು ವಿಚಾರಿಸುತ್ತಿದ್ದರು. ಅವರ ಸೆಟ್ಸ್ವಾನಾ ಭಾಷೆಯಲ್ಲಿ ಹಾಗೆ ಕೇಳುವುದೇ ಮರ್ಯಾದೆ. ನನಗೆ ಉತ್ತರ ಕೊಡಲು ಬರುತ್ತಿರಲಿಲ್ಲ, ಅದಕ್ಕೆ ಹೆದರುತ್ತಿದ್ದೆ.

ಒಂದು ದಿನ ಗೇಟಿನ ಬಳಿ "ಕೋ ಕೋ!" ಎಂದು ಯಾರೋ ಕೂಗಿದರು. ಇಲ್ಲಿ ಬಾಗಿಲು ತಟ್ಟುವುದಿಲ್ಲ, ಹೀಗೆ ಕೂಗುತ್ತಾರೆ. ಪಕ್ಕದ ಮನೆಯ ಹೆಂಗಸು ಮುಚ್ಚಿದ ತಟ್ಟೆ ಹಿಡಿದು ನಿಂತಿದ್ದಳು. ಒಳಗೆ ಬೇಯಿಸಿದ ಸೊಪ್ಪು, ಜೊತೆಗೆ ಬೋಖೋಬೆ, ಅಂದರೆ ಜೋಳದ ಹಿಟ್ಟನ್ನು ತಿರುವಿ ಗಟ್ಟಿ ಮಾಡಿದ್ದು. ಬೆರಳಿನಲ್ಲಿ ಮುರಿದೆ. ರಾಗಿಯಲ್ಲ, ಆದರೆ ಮುರಿದ ಬಗೆ ಮುದ್ದೆಯದೇ. ತಡೆಯಲಾಗದೆ ಅತ್ತುಬಿಟ್ಟೆ. ಉಪ್ಪು ಹೆಚ್ಚಾಯಿತೇನೋ ಎಂದು ಆಕೆ ಗಾಬರಿಯಾಗಿ ತಟ್ಟೆ ಕಿತ್ತುಕೊಂಡಳು. ಮಾರನೆಯ ವಾರ ನಾನು ಅದೇ ಸೊಪ್ಪಿನ ಬಸಿದ ನೀರಿನಲ್ಲಿ ಬಸ್ಸಾರು ಮಾಡಿ ಆಕೆಯ ಗೇಟಿನಲ್ಲಿ ನಿಂತು "ಕೋ ಕೋ" ಎಂದೆ. ಆಕೆಯ ಹೆಸರು ಮ್ಮಾತಾಬೊ. ತಾಬೊ ಎಂಬವನ ತಾಯಿ ಎಂದು ಅರ್ಥ. ಹೆಂಗಸಿಗೆ ಮೊದಲ ಮಗು ಹುಟ್ಟಿದ ಮೇಲೆ ಇಲ್ಲಿ ಯಾರೂ ಅವಳ ಸ್ವಂತ ಹೆಸರು ಹಿಡಿದು ಕರೆಯುವುದಿಲ್ಲ.

ನಮಗೂ ಮಗಳು ಹುಟ್ಟಿದಳು. ತಾರಾ ಎಂದು ಹೆಸರಿಟ್ಟೆವು. ಹಾಗೆಂದರೇನು ಎಂದು ಮ್ಮಾತಾಬೊ ಕೇಳಿದಳು. ಆಕಾಶದ ಕಡೆ ಬೆರಳು ತೋರಿಸಿದೆ. "ಓ, ನಲೇದಿ!" ಎಂದಳು. ಆ ಹೊತ್ತಿನಿಂದ ಬೀದಿಗೆಲ್ಲ ನಾನು ಮ್ಮಾನಲೇದಿಯಾದೆ. ಅಂಗಡಿಯವನಿಗೂ, ಪೋಸ್ಟ್ ಆಫೀಸಿನವಳಿಗೂ. ಗಿರಿಜಾ ಎಂಬ ಹೆಸರು ಇವರ ಬಾಯಲ್ಲಿ ಮಾತ್ರ ಉಳಿಯಿತು.

ನಮ್ಮಲ್ಲಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಳ್ಳುತ್ತೇವೆ. ಇಲ್ಲಿ ಬೆನ್ನಿಗೆ ಹಾಕಿ ಕಂಬಳಿ ಸುತ್ತಿ ಕಟ್ಟಿಕೊಳ್ಳುತ್ತಾರೆ. ತಾರಾ ಮ್ಮಾತಾಬೊಳ ಬೆನ್ನಿನ ಮೇಲೇ ಬೆಳೆದಳು. ಅವಳ ಬಾಯಿಗೆ ಮೊದಲು ಬಂದದ್ದು ಕನ್ನಡವಲ್ಲ. "ಮ್ಪೆಲೆಗೆ" ಎಂದು ಕೈಚಾಚುತ್ತಿದ್ದಳು. ಬೆನ್ನಿಗೆ ಕಟ್ಟಿಕೋ ಎಂದು. ನಾನೂ ಕಂಬಳಿ ಸುತ್ತಿಕೊಳ್ಳುವುದನ್ನು ಕಲಿತೆ.

ಊರಿಗೆ ಕರೆದುಕೊಂಡು ಹೋಗಬೇಕೆಂದುಕೊಂಡಾಗ ಒಮ್ಮೆ ಅವಳಿಗೆ ಹುಷಾರಿರಲಿಲ್ಲ, ಇನ್ನೊಮ್ಮೆ ಇವರಿಗೆ ರಜೆ ಸಿಗಲಿಲ್ಲ. ಮುಂದಿನ ರಜೆಗೆ ಖಂಡಿತ ಎಂದು ಬಟ್ಟೆಗಳನ್ನೂ ಹೊಲಿಸಿದ್ದೆ. ಆ ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ಜ್ವರ ಮೆದುಳಿಗೆ ಏರಿತು ಎಂದರು ಡಾಕ್ಟರು. ಅವರಿಂದಾದದ್ದನ್ನೆಲ್ಲ ಮಾಡಿದರು. ಆಸ್ಪತ್ರೆಯಲ್ಲಿ ಕೊನೆಯ ಬಾರಿ ಕಣ್ಣು ಬಿಟ್ಟಾಗ ಕೇಳಿದ್ದೂ ಅದೇ, "ಮ್ಪೆಲೆಗೆ". ಕೈಗೆ ಸೂಜಿ ಚುಚ್ಚಿ ಬಾಟಲಿ ಏರಿಸಿದ್ದರು. ಎತ್ತಿಕೊಳ್ಳಲು ಬಿಡಲಿಲ್ಲ. ತಾರಾ ಹೋದಾಗ ಅವಳಿಗೆ ಐದು ತುಂಬಿರಲಿಲ್ಲ.

ನಮ್ಮ ಮನೆತನದಲ್ಲಿ ಹೂಳುವುದೇ ಪದ್ಧತಿ, ಇಲ್ಲಿನವರದೂ ಅದೇ. ಬೀದಿಯ ಗಂಡಸರು ಗುಂಡಿ ತೋಡಿದರು. ಇವರು ಮಗುವಿನ ಹಣೆಗೆ ವಿಭೂತಿ ಹಚ್ಚಿದರು. ನನ್ನನ್ನು ನೆಲದ ಮೇಲೆ ಹಾಸಿಗೆ ಹಾಕಿ ಕೂರಿಸಿ, ಹೆಂಗಸರು ವಾರವೆಲ್ಲ ಸುತ್ತ ಕೂತಿದ್ದರು. ಯಾರೂ ಸಮಾಧಾನ ಹೇಳಲಿಲ್ಲ. ಸಂಜೆಯಾದರೆ ಬಂದು ಕೂರುವರು, ಹಾಡುವರು, ಏಳುವರು. ಇಲ್ಲಿ ಸಮಾಧಿಗೆ ಬಿಸಿಲು ಬೀಳಬಾರದೆಂದು ಕಬ್ಬಿಣದ ಸರಳು ನೆಟ್ಟು ಮೇಲೆ ನೆರಳಿನ ಬಲೆ ಕಟ್ಟುತ್ತಾರೆ. ಬಲೆ ಹರಿದಾಗಲೆಲ್ಲ ನಾವು ಹೊಸದು ಕಟ್ಟುತ್ತ ಬಂದಿದ್ದೇವೆ.

ಆಮೇಲೆ ಊರಿಗೆ ಹೋದಾಗ ಅತ್ತೆ ನನ್ನ ತಲೆ ಸವರಿ, "ಆದದ್ದಾಯ್ತು, ಇನ್ನೊಂದಾಗ್ತದೆ. ಆ ಮಾತು ಮತ್ತೆ ಎತ್ಬೇಡ ಕಣಮ್ಮ," ಎಂದರು. ಕಕ್ಕುಲಾತಿಯಿಂದಲೇ ಅಂದದ್ದು. ಇನ್ನೊಂದು ಆಗಲಿಲ್ಲ. ಆ ಮಾತನ್ನು ಯಾರೂ ಎತ್ತಲೂ ಇಲ್ಲ. ಅಲ್ಲಿಂದಾಚೆಗೆ ಊರಿಗೆ ಹೋದಾಗಲೆಲ್ಲ ನಾನು ಮಕ್ಕಳಿಲ್ಲದವಳು, ಮಹಲಾಪ್ಯೆಗೆ ಬಂದು ಬಸ್ಸಿಳಿದರೆ ನಲೇದಿಯ ತಾಯಿ. ಇನ್ನು ಮಹಲಾಪ್ಯೆಯೇ ಇರುವುದಿಲ್ಲ.

ಅವಳನ್ನೂ ಕರೆದುಕೊಂಡು ಹೋಗಲಾಗದೇ ಎಂದು ಯೋಚಿಸದೆ ಇರಲಿಲ್ಲ. ಮನೆ ನೋಡಲು ಊರಿಗೆ ಹೊರಡುವ ಮೊದಲು ಮ್ಮಾತಾಬೊಳನ್ನು ಕೇಳಿದೆ. ಆಕೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಮಗುವಿನ ಮೂಳೆ ಎಳೆಯದು ಮ್ಮಾನಲೇದಿ. ಇಷ್ಟು ವರ್ಷಕ್ಕೆ ಅದು ಮಣ್ಣೇ ಆಗಿದೆ. ಅಗೆದರೆ ನಿನಗೆ ಸಿಗುವುದು ಗುಂಡಿ ಮಾತ್ರ," ಎಂದಳು. ಹಾಗಾದರೆ ಊರಿನಲ್ಲಿ, ನಮ್ಮ ಹಿರಿಯರನ್ನು ಹೂಳಿದ ಜಾಗದಲ್ಲಿ, ಅವಳ ಹೆಸರಿನ ಒಂದು ಕಲ್ಲನ್ನಾದರೂ ನೆಡಿಸಬೇಕು ಎಂದು ನಿಶ್ಚಯಿಸಿಕೊಂಡೆ. ಹೋಗಿ ಕೂರಲು ನನಗೊಂದು ಜಾಗ ಬೇಕಿತ್ತು.

ಕಡೂರಿನಲ್ಲಿ ಮನೆ ಗೊತ್ತಾದ ಮಾರನೆಯ ದಿನ ಬುಕ್ಕಾಂಬುಧಿಗೆ, ಇವರ ಅಣ್ಣನ ಮನೆಗೆ ಹೋದೆವು. ಊಟವಾದ ಮೇಲೆ ಭಾವನವರು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಾಗ ವಿಷಯ ತೆಗೆದೆ. ಇವರು ನೆಲ ನೋಡುತ್ತ ಕೂತಿದ್ದರು.

ಭಾವನವರ ಕೈ ನಿಂತಿತು. "ಅಲ್ಲ ಕಣಮ್ಮ, ದೇಹ ಅಲ್ಲಿ, ಕಲ್ಲು ಇಲ್ಲಿ ಅಂದ್ರೆ ಹೆಂಗೆ? ಹಿರೀಕರ ಪಕ್ಕದಾಗೆ ಬರೀ ನೆಲಕ್ಕೆ ಕಲ್ಲು ನೆಟ್ರೆ ನೋಡ್ದೋರು ಏನಂದಾರು?"

"ಏನಾದ್ರೂ ಅನ್ಲಿ ಭಾವ. ಅವ್ಳೂ ಈ ಮನೆ ಮಗಳೇ ಅಲ್ವಾ?"

"ನಾನಿಲ್ಲ ಅಂದ್ನಾ? ಮೊಮ್ಮಗಳಿಗೆ ಗಂಡು ನೋಡ್ತಾ ಇದೀವಿ. ಇಂಥ ಹೊತ್ನಾಗೆ ಹಳೇ ಸಾವು ಎತ್ತಿ ಕೂರ್ಸೋದು ಬ್ಯಾಡ." ಆಮೇಲೆ ತಮ್ಮನ ಕಡೆ ತಿರುಗಿದರು. "ನೀನೇ ಹೇಳೋ. ನಿಂಗೂ ಬೇಕಾ ಇದು?"

ನಾನು ಇವರ ಮುಖ ನೋಡಿದೆ. ಇವರು ಹೆಗಲ ಟವೆಲ್ಲನ್ನು ಕೈಗೆ ತೆಗೆದುಕೊಂಡು, ಮಡಿಸಿ, ಮತ್ತೆ ಹೆಗಲಿಗೇ ಹಾಕಿಕೊಂಡರು. "ನೀವು ಹೇಳ್ದಂಗೆ ಆಗ್ಲಿ ಅಣ್ಣ," ಎಂದರು.

ಎದ್ದು ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಭಾವನವರ ಹೆಂಡತಿ ಬಂದು ಒಗೆಯುವ ಕಲ್ಲಿನ ಮೇಲೆ ನನ್ನ ಪಕ್ಕ ಕೂತರು. ಅವರಿಗೂ ವಯಸ್ಸಾಗಿದೆ, ಮಂಡಿ ಹಿಡಿದು ಕೂತರು. ದೂರದಲ್ಲಿ ಕೆರೆ ಏರಿಯ ಮೇಲೆ ಬಸ್ಸು ಹೋಗುತ್ತಿತ್ತು.

"ಸಿಟ್ಟು ಮಾಡ್ಕೋಬೇಡ ಕಣೇ. ನಾವ್ಯಾರೂ ನೋಡ್ಲಿಲ್ವಲ್ಲ ಅದನ್ನ. ನೀವು ಕಳ್ಸಿದ್ ಫೋಟೋ ಒಂದೇಯ." ಆಮೇಲೆ ಮೆಲ್ಲಗೆ ಕೇಳಿದರು, "ಹೆಂಗಿದ್ಲೇ?"

ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಹೇಳಬೇಕಾದದ್ದು ಎದೆಯ ತುಂಬ ಇತ್ತು. ತೆರೆದ ಬಾಯಿಂದ ಬಂದದ್ದು "ಮ್ಪೆಲೆಗೆ ಅನ್ನೋಳು, ಅಕ್ಕ" ಎಂಬುದೊಂದೇ.

"ಹಂಗಂದ್ರೇನೇ?"

ಬೆನ್ನಿಗೆ ಕಟ್ಟಿಕೋ ಅಂತ ಎಂದೆ. ಕಂಬಳಿ ಹೇಗೆ ಸುತ್ತುತ್ತಾರೆ ಎಂದು ಸೆರಗು ಹಿಡಿದು ತೋರಿಸಿದೆ. ಅಕ್ಕ ತಲೆಯಾಡಿಸಿದರು. "ಕನ್ನಡದಾಗೆ ಏನಂತಿದ್ಲು?" ಎಂದರು. ಯೋಚಿಸಿದೆ. ಅವಳ ಒಂದೊಂದು ಮಾತೂ ನೆನಪಿಗೆ ಬಂತು, ಒಂದೂ ಕನ್ನಡದ್ದಲ್ಲ. ಅವಳು ನಕ್ಕು ಹೇಳಿದ್ದನ್ನೆಲ್ಲ ನಾನು ಅನುವಾದ ಮಾಡಿ, ಅರ್ಥ ಹೇಳಿ, ಅಕ್ಕನ ಮುಂದೆ ಇಡಬೇಕಿತ್ತು. ಇಡುವಷ್ಟರಲ್ಲಿ ಅವು ನನ್ನ ಮಗಳ ಮಾತುಗಳಾಗಿ ಉಳಿಯುತ್ತಿರಲಿಲ್ಲ. "ಅಮ್ಮ ಅಂತಿದ್ಲು," ಎಂದು ಸುಳ್ಳು ಹೇಳಿದೆ. ಅವಳು ನನ್ನನ್ನು ಕರೆಯುತ್ತಿದ್ದದ್ದು 'ಮ್ಮಾ' ಎಂದು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಕಡೂರಿಗೆ ವಾಪಸ್ ಬಸ್ಸಿನಲ್ಲಿ ಬರುವಾಗ ಇವರ ಪಕ್ಕ ಕೂರಲು ನನಗೆ ಮನಸ್ಸಿರಲಿಲ್ಲ. ಬೇರೆ ಸೀಟಿರಲಿಲ್ಲ. ಅಜ್ಜಂಪುರ ದಾಟಿದ ಮೇಲೆ ಕೇಳಿಯೇಬಿಟ್ಟೆ.

"ಆ ಮನೆಯೋಳ ಹತ್ರ ಮಕ್ಕಳೇ ಇಲ್ಲ ಅಂದ್ರಿ. ಇವತ್ತು ಅಣ್ಣನ ಹತ್ರ ಹೀಗಂದ್ರಿ. ನಿಮ್ಗೆ ಅವ್ಳು ಬೇಡ್ವಾ?"

ಇವರು ಮುಂದಿನ ಸೀಟಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರು. "ಇದ್ಲು ಅಂದಿದ್ರೆ ಎಲ್ಲಿ ಅಂತ ಕೇಳೋಳು, ಗಿರಿಜಾ. ಏನ್ ಹೇಳ್ಲಿ? ಅಲ್ಲೇ ಬಿಟ್ಬಂದ್ವಿ ಅನ್ಬೇಕಾಗಿತ್ತು." ಕಿಟಕಿಯ ಕಡೆ ತಿರುಗಿದರು. "ತೀರ್ಕೊಂಡ್ಲು ಅಂತ ಹೇಳ್ಬಲ್ಲೆ. ಎಷ್ಟೋ ಸಲ ಹೇಳ್ಕೊಂಡಿದೀನಿ, ನನಗೆ ನಾನೇ. ಬಿಟ್ಬಂದ್ವಿ ಅನ್ನೋದು ಬಾಯಿಗೆ ಬರಲ್ಲ. ಕಲ್ಲು ನೆಟ್ರೂ ಅದನ್ನೇ ಹೇಳ್ತಿರತ್ತೆ, ನೋಡ್ದಾಗೆಲ್ಲ."

ಇವರು ಶಾಲೆಯಿಂದ ಮನೆಗೆ ಬರುವಾಗ ಸುತ್ತು ಬಳಸಿ ಸಮಾಧಿಯ ದಾರಿಯಲ್ಲೇ ಬರುತ್ತಾರೆಂದು ಎಂದೋ ಮ್ಮಾತಾಬೊ ಹೇಳಿದ್ದಳು. ನಾನು ನಂಬಿರಲಿಲ್ಲ. ಕಂಬಿಯ ಮೇಲಿದ್ದ ಕೈ ಮೇಲೆ ಕೈಯಿಟ್ಟೆ. ಬಸ್ಸಿನಲ್ಲಿ ಎಲ್ಲರೆದುರು ಹಾಗೆ ಮಾಡುವವಳಲ್ಲ ನಾನು. ಕಡೂರು ಬರುವತನಕ ತೆಗೆಯಲಿಲ್ಲ.

ಹೊರಡಲು ಇನ್ನು ಕೆಲವೇ ದಿನ. ಮಂಚ, ಕುರ್ಚಿ ಬೀದಿಯವರಿಗೆ ಹೋದವು. ಊರಿನಲ್ಲಿ ಮುದ್ದೆ ಸಿಗುತ್ತದೆ, ತೆಂಗಿನಕಾಯಿ ಸಿಗುತ್ತದೆ, ಸತ್ತರೆ ಹೂಳಲು ನಮ್ಮ ಹಿರಿಯರ ಪಕ್ಕದಲ್ಲಿ ಜಾಗವಿದೆ. ನನಗೆ ಅದೆಲ್ಲ ಬೇಕು. ಬೇಡವೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮೊನ್ನೆ ಇಲ್ಲಿ ಮೋಡ ಕಟ್ಟಿದಾಗ, ಈ ಸಲ ಬಲೆಯ ಮೇಲೆ ಬಿದ್ದ ಎಲೆ ತೆಗೆಯುವವರು ಯಾರು ಎಂಬ ಯೋಚನೆ ಬಂದು ಕೈಯಲ್ಲಿದ್ದ ಪಾತ್ರೆ ಅಲ್ಲೇ ಇಟ್ಟು ಕೂತುಬಿಟ್ಟೆ. ಮ್ಮಾತಾಬೊ ನೋಡಿಕೊಳ್ಳುತ್ತಾಳೆ. ಆದರೆ ಅವಳು ಈಗ ಕೋಲಿಲ್ಲದೆ ನಡೆಯಲಾರಳು.

ಇವತ್ತು ಬೆಳಿಗ್ಗೆ ಮ್ಮಾತಾಬೊಳೂ ಸೇರಿ ಮೂವರೂ ಸಮಾಧಿಗೆ ಹೋದೆವು. ಹೊಸ ಬಲೆ ಕಟ್ಟಿದೆವು. ಇವರು ಏಣಿ ಹತ್ತಲು ನಾನು ಬಿಡಲಿಲ್ಲ, ಬೀದಿಯ ಗಂಡಸೊಬ್ಬ ಬಂದು ಕಟ್ಟಿಕೊಟ್ಟು ಹೋದ. ಮಣ್ಣು ಗುಡಿಸಿ, ನೀರು ಚಿಮುಕಿಸಿ, ವಿಭೂತಿ ಇಟ್ಟೆವು. ಇಲ್ಲಿನ ಭಾಷೆಯಲ್ಲಿ ಅಗಲುವಾಗ ಹೇಳುವ ಮಾತು ಎರಡು. ಹೋಗುವವರು 'ಸಾಲಾ ಸೆಂಟ್ಲೆ' ಎನ್ನಬೇಕು, ಚೆನ್ನಾಗಿ ಉಳಿದುಕೋ ಎಂದು. ಉಳಿಯುವವರು ಹೇಳುವುದು ಬೇರೆ, ಚೆನ್ನಾಗಿ ಹೋಗಿ ಎಂದು. ನಾವು ಹೇಳಲಿ ಎಂದು ಮ್ಮಾತಾಬೊ ಕೋಲೂರಿ ಕಾದು ನಿಂತಳು.

ನನ್ನಿಂದ ಆಗಲಿಲ್ಲ. ಇವರು 'ಸಾಲಾ' ಎಂದು ಶುರುಮಾಡಿ ನಿಲ್ಲಿಸಿದರು. ಆಮೇಲೆ ಕಷ್ಟಪಟ್ಟು ನೆಲದ ಮೇಲೆ ಕೂತು, ಒದ್ದೆ ಮಣ್ಣಿನ ಮೇಲೆ ಅಂಗೈಯಿಟ್ಟು ನಮ್ಮೂರಿನ ಮಾತಿನಲ್ಲಿ ಹೇಳಿದರು, "ಹೋಗ್ಬತ್ತೀವಿ ಕಣಮ್ಮ."

ನಮ್ಮಲ್ಲಿ ಯಾರೂ 'ಹೋಗುತ್ತೇನೆ' ಎನ್ನುವುದಿಲ್ಲವಲ್ಲ. ಬೇರೆ ಮಾತು ಅವರಿಗೆ ಹೊಳೆದಿರಲಾರದು.

"ಏನೆಂದರು?" ಎಂದು ಮ್ಮಾತಾಬೊ ನನ್ನನ್ನು ಕೇಳಿದಳು. ಹೋಗಿ ಬರುತ್ತೇವೆ ಎಂದರು ಎಂದು ಅವಳ ಭಾಷೆಯಲ್ಲಿ ಹೇಳಿದೆ.

ಆಕೆಯ ಮುಖ ಅರಳಿತು. ನನ್ನ ತೋಳು ಹಿಡಿದುಕೊಂಡು, "ಯಾವಾಗ?" ಎಂದಳು.