ಅಥೆನ್ಸಿಗೆ ದಾರಿ ಹೇಳುತ್ತಿದ್ದ ಮಾಷ್ಟ್ರು

ಐವತ್ತರ ದಶಕದ ಕೊನೆಯಲ್ಲಿ ಮೂಡುಬಿದಿರೆಯ ಶಾಲೆಯಲ್ಲಿ ನಮಗೆ ಚರಿತ್ರೆ ಕಲಿಸಿದ ಮಾಷ್ಟ್ರು ಒಮ್ಮೆಯೂ ಘಟ್ಟ ಹತ್ತಿದವರಲ್ಲ. ಗ್ರೀಸಿನ ಪಾಠವನ್ನು ಮಾತ್ರ ನಾವೆಲ್ಲ ನಾಳೆಯೇ ಅಲ್ಲಿಗೆ ಹೊರಡುವವರೆಂಬಂತೆ ಮಾಡುತ್ತಿದ್ದರು. ಕೊಡೆಯ ತುದಿಯನ್ನು ನಕ್ಷೆಯ ಮೇಲಿಟ್ಟು, "ಅಥೆನ್ಸಿನ ಗುಡ್ಡೆಯನ್ನು ಬೆಳಿಗ್ಗೆಯೇ ಹತ್ತಿ, ಮಧ್ಯಾಹ್ನ ಬಂಡೆ ಕಾಯ್ತದೆ. ಮೇಲೆ ಅಥೀನಾ ದೇವಿಯ ಗುಡಿ ಉಂಟು. ಚಿನ್ನದ ಮೂರ್ತಿ ಕಾಣೆಯಾಗಿ ಸಾವಿರ ವರ್ಷದ ಮೇಲಾಯ್ತು, ಈಗ ಕಂಬ ಮಾತ್ರ. ಹೋದಾಗ ನೋಡಿ," ಎನ್ನುತ್ತಿದ್ದರು. 'ಹೋದಾಗ ನೋಡಿ' ಇಲ್ಲದೆ ಅವರ ತರಗತಿ ಮುಗಿಯುತ್ತಿರಲಿಲ್ಲ.

ನರಿಕೊಂಬಿನ ಹಳೆಯ ವಿದ್ಯಾರ್ಥಿಯೊಬ್ಬ ಹಡಗಿನಲ್ಲಿ ಅಡುಗೆಯವನಾಗಿದ್ದ. ಅವನ ಹಡಗು ಅಥೆನ್ಸಿನ ಬಂದರಿಗೆ ಹೋಗುತ್ತದೆಂದು ತಿಳಿದಾಗ, ಗುಡಿ ನೋಡಿ ಬಂದು ಮಕ್ಕಳೆದುರು ಹೇಳಬೇಕೆಂದು ಮಾಷ್ಟ್ರು ಅವನಿಂದ ಮಾತು ತೆಗೆದುಕೊಂಡರು. ತಾವು ಇಷ್ಟು ವರ್ಷ ಹೇಳಿದ್ದಕ್ಕೆ ಕಣ್ಣಾರೆ ಕಂಡ ಒಬ್ಬ ಸಾಕ್ಷಿ ಸಿಗಲಿ ಎಂಬುದು ಅವರ ಆಸೆ. ಆದರೆ ಅವನು ಅಲ್ಲಿ ಹಡಗಿನಿಂದ ಇಳಿಯಲೇ ಇಲ್ಲ. ಅದನ್ನು ಹೇಳಲು ಧೈರ್ಯ ಬರದೆ, ಊರಿಗೆ ಬಂದವನು ತರಗತಿಯಲ್ಲಿ ನಿಂತ.

"ಗುಡಿ ನೋಡಿದೆಯಾ ಮಾರಾಯ?"

"ನೀವು ಹೇಳಿದ ಹಾಗೆಯೇ ಉಂಟು ಮಾಷ್ಟ್ರೆ. ಭಾರೀ ಜನ."

"ಒಳಗೆ?"

"ದೇವಿಗೆ ಮಹಾಪೂಜೆ ಆಗ್ತಾ ಇತ್ತು. ನಿಮ್ಮ ಹೆಸರಲ್ಲಿ ಒಂದು ಕುಂಕುಮಾರ್ಚನೆ ಮಾಡಿಸಿದೆ."

ಹಿಂದಿನ ಬೆಂಚಿನವನೊಬ್ಬ ಎದ್ದ. "ಸರ್, ಮೂರ್ತಿ ಇಲ್ಲ ಅಂತ ನೋಟ್ಸಿನಲ್ಲಿ ಉಂಟಲ್ಲ?"

ಮಾಷ್ಟ್ರು ಅಡುಗೆಯವನ ಮುಖ ನೋಡಿದರು. ಅವನು ಬೆವರುತ್ತಿದ್ದ.

"ಪ್ರಸಾದ ತಿಂದೆಯಾ?"

"ತಿಂದೆ ಮಾಷ್ಟ್ರೆ."

"ಒಳ್ಳೆಯದಾಯ್ತು. ಕೂತುಕೋ."

ಅಥೀನಾ ಗುಡಿಯ ಪ್ರಶ್ನೆ ಪರೀಕ್ಷೆಯಲ್ಲಿ ಪ್ರತಿವರ್ಷ ಬರುತ್ತಿತ್ತು. ಆ ವರ್ಷ ಅವರು ಅದನ್ನು ಕೇಳಲಿಲ್ಲ.