ಬೆವರು ನಿಂತ ಮೈ

ಅರವತ್ತು ಕೆಜಿ ಒಳಗಿನವರ ಕಬಡ್ಡಿ ಎಂದರೆ ನಮ್ಮ ಕಡೆ ಆಟ ಶುರುವಾಗುವುದು ಅಂಕಣದಲ್ಲಲ್ಲ, ತೂಕದ ಮಷಿನ್ನಿನ ಮೇಲೆ. ಮೊಳಕಾಲ್ಮೂರಿನ ಪಂದ್ಯಾವಳಿಗೆ ಹೊರಟಾಗ ಚಳ್ಳಕೆರೆಯ ನಮ್ಮ ತಂಡದ ಮುಖ್ಯ ರೈಡರ್, ಪದವಿ ಕಾಲೇಜಿನಿಂದಲೂ ನನ್ನ ಗೆಳೆಯ, ತೂಕದಲ್ಲಿ ಸ್ವಲ್ಪ ಹೆಚ್ಚಿದ್ದ. ಹಿಂದಿನ ದಿನದಿಂದ ನೀರು ಬಿಟ್ಟಿದ್ದ. ಬೆಳಿಗ್ಗೆ ಜರ್ಕಿನ್ ಮೇಲೆ ಜರ್ಕಿನ್ ಹಾಕಿಕೊಂಡು, ಬಾಯಲ್ಲಿ ಹುಣಸೆಹಣ್ಣು ಇಟ್ಟುಕೊಂಡು, ಊರಿದ ಜೊಲ್ಲನ್ನೆಲ್ಲ ಉಗುಳುತ್ತಾ ಓಡಿದ. ತೂಕ ಸರಿಹೋಯಿತು.

"ಹೆಂಗಲೇ, ಗಾಳಿಗೆ ಹಾರೋ ಹಂಗಿದೀನಾ?" ಎಂದು ನಕ್ಕ. ತುಟಿ ಒಡೆದು ರಕ್ತ ಕಂಡಿತು.

ಆಮೇಲೆ ಕುಡಿದ ನೀರೆಲ್ಲ ವಾಂತಿಯಾಯಿತು. ನಾವು ಗೆಲ್ಲುತ್ತಾ ಹೋದೆವು. ಗೆದ್ದಷ್ಟೂ ಪಂದ್ಯ, ಪಂದ್ಯದಷ್ಟೂ ಬಿಸಿಲು. ಮಧ್ಯಾಹ್ನದ ಸೆಮಿಫೈನಲ್‌ನಲ್ಲಿ ಅರ್ಧ ಆಟ ಮುಗಿದು ಎರಡೂ ತಂಡ ಅಂಕಣ ಬದಲಿಸಿದಾಗ ಅವನು ಸುತ್ತ ನೋಡಿ, "ನಮ್ಮ ಕಡೆ ಯಾವ್ದಲೇ?" ಎಂದ.

"ನಿಮ್ಮತ್ತೆ ಮನೆ ಕಡೆ! ಹೋಗಲೇ, ರೈಡ್ ಮಾಡು," ಎಂದ ಕ್ಯಾಪ್ಟನ್. ಎಲ್ಲರೂ ನಕ್ಕೆವು.

ಸ್ವಲ್ಪ ಹೊತ್ತಿಗೆ ನಾನು ಔಟಾಗಿ ಗೆರೆಯ ಹೊರಗೆ ಕೂತೆ. ಗೆಳೆಯ ಒಬ್ಬನನ್ನು ಮುಟ್ಟಿ ಬಂದರೆ ನಾನು ಒಳಗೆ ಹೋಗಬಹುದು. ಮುಟ್ಟಿದ. ತಿರುಗಿದ. ಆದರೆ ನಮ್ಮ ಕಡೆಗಲ್ಲ, ಎದುರಾಳಿಗಳ ಹಿಂದಿನ ಗೆರೆಯ ಕಡೆ ಓಡಿದ. ಜನ ಕೇಕೆ ಹಾಕಿದರು. ಐದಾರು ಮಂದಿ ಅವನ ಮೇಲೆ ಬಿದ್ದರು. ಆ ರಾಶಿಯ ಅಡಿಯಿಂದ "ಕಬಡ್ಡಿ ಕಬಡ್ಡಿ" ಕೇಳುತ್ತಲೇ ಇತ್ತು. ದಮ್ಮು ಇರುವವರೆಗೆ ಆಟ ಜೀವಂತ, ಹಾಗಾಗಿ ನಮ್ಮವರು "ಎಳ್ಕಂಡ್ ಬಾರಲೇ!" ಎಂದು ಕಿರುಚುತ್ತಿದ್ದರು. ನನಗೆ ಆ ದನಿ ಸರಿಯಿಲ್ಲ ಅನ್ನಿಸಿತು. ಅದರಲ್ಲಿ ಏರಿಳಿತವೇ ಇರಲಿಲ್ಲ.

ಅವನ ಕಾಲು ಹಿಡಿದಿದ್ದ ಮೊಳಕಾಲ್ಮೂರಿನ ಆಟಗಾರ ಥಟ್ಟನೆ ಕೈಬಿಟ್ಟು, ತೆಲುಗು ಬೆರೆಸಿ ತನ್ನವರಿಗೆ ಕೂಗಿದ. "ವದಿಲೇಯ್‌ರಾ! ಬಿಡ್ರಲೇ ಎಲ್ಲ! ಮೈ ಕಾದ ಹಂಚಾಗೈತೆ, ಒಂದ್ ಹನಿ ಬೆವರಿಲ್ಲ!"

"ಹಿಡಿದ ಕುರೀನ ಬಿಟ್ಯಲ್ಲೋ!" ಎಂದು ಅವನ ಊರಿನವರೇ ಬೈದರು.

ಎಲ್ಲರೂ ಎದ್ದರೂ ಗೆಳೆಯ ಏಳಲಿಲ್ಲ. ಮೊಣಕಾಲೂರಿ ಜನರತ್ತ ತೆವಳತೊಡಗಿದ, ಕಬಡ್ಡಿ ಅನ್ನುತ್ತಲೇ. ಅಂಪೈರ್ ಸೀಟಿ ಊದಿದರು, ಮತ್ತೆ ಊದಿದರು. ಅವನು ನಿಲ್ಲಲಿಲ್ಲ. ನಾನು ಓಡಿಹೋಗಿ ತಬ್ಬಿ ಹಿಡಿದೆ. ಕಣ್ಣು ತೆರೆದೇ ಇತ್ತು, ನಾನು ಅದರಲ್ಲಿ ಇರಲಿಲ್ಲ. ನಮ್ಮೆಲ್ಲರ ಮೈಗೂ ಮಣ್ಣು ಮೆತ್ತಿತ್ತು. ಅವನ ಬೆನ್ನಿಗೆ ಮಾತ್ರ ಅಂಟಿರಲಿಲ್ಲ, ಉದುರುತ್ತಿತ್ತು.

ಡ್ರಮ್ಮಿನ ನೀರು ಸುರಿದು ಲಗೇಜ್ ಆಟೋದಲ್ಲಿ ಮಲಗಿಸಿದೆವು. ಕಾಲು ಹಿಡಿದಿದ್ದ ಆ ಎದುರಾಳಿಯೂ ಹತ್ತಿಕೊಂಡು, ಒದ್ದೆ ಟವೆಲ್ಲಿನಿಂದ ಅವನ ಎದೆ ಒರೆಸುತ್ತಾ ಬಂದ. ದಾರಿಯಲ್ಲೂ ಗೆಳೆಯನದು ಅದೇ ಕಬಡ್ಡಿ ಜಪ. ಸಾಕು, ನಿಲ್ಲಿಸಲಿ ದೇವರೇ ಅಂದುಕೊಳ್ಳುತ್ತಿದ್ದೆ. ಆಸ್ಪತ್ರೆ ಇನ್ನೂ ದೂರವಿರುವಾಗ ನಿಂತೇಬಿಟ್ಟಿತು.

ಅಂಥ ಭಯ ನನಗೆ ಮೊದಲೆಂದೂ ಗೊತ್ತಿರಲಿಲ್ಲ. ಬಾಯಿಯ ಹತ್ತಿರ ಕಿವಿ ಇಟ್ಟೆ. ಆಟೋದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. "ಕಬಡ್ಡಿ ಅನ್ನಲೇ, ಒಂದ್ಸಲ ಅನ್ನಲೇ," ಎಂದು ಅವನ ಕೆನ್ನೆ ತಟ್ಟುತ್ತಾ ಬೇಡಿಕೊಂಡೆ.

"ಉಸ್ರೈತೆ ಅಣ್ಣ, ಉಸ್ರೈತೆ," ಎನ್ನುತ್ತಿದ್ದ ಆ ಎದುರಾಳಿ.

ಗೆಳೆಯ ಉಳಿದ. ಇನ್ನೂ ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆ ಮಧ್ಯಾಹ್ನದ ಯಾವುದೂ ಅವನಿಗೆ ನೆನಪಿಲ್ಲ. ಉಲ್ಟಾ ಓಡಿದ ಕಥೆಯನ್ನು ಕ್ಯಾಪ್ಟನ್ ಅಭಿನಯಿಸಿ ತೋರಿಸಿದರೆ ಎಲ್ಲರಿಗಿಂತ ಜೋರಾಗಿ ನಗುವವನು ಅವನೇ. "ಆಮೇಲೇನಾತು, ನೀನ್ ಹೇಳಲೇ," ಎಂದು ನನ್ನನ್ನು ಕೇಳುತ್ತಾನೆ. ಸೀಟಿ ಊದಿದ್ರು ಅನ್ನುತ್ತೇನೆ, ಅಷ್ಟೇ.

ಈಗ ಮತ್ತೆ ಆಡುತ್ತಿದ್ದಾನೆ. ಪ್ರಾಕ್ಟೀಸಿನಲ್ಲಿ ರೈಡ್ ಮುಗಿಸಿ, ಗೆರೆ ದಾಟಿ ಬಂದು ಅವನು ಸುಮ್ಮನಾದಾಗಲೆಲ್ಲ ನಾನು ಅವನ ಎದೆಯನ್ನೇ ನೋಡುತ್ತಾ ನಿಲ್ಲುತ್ತೇನೆ, ಅದು ಏರುವವರೆಗೆ. ಅಷ್ಟರಲ್ಲಿ ಆ ಕಡೆಯ ರೈಡರ್ ಬಂದು ನನ್ನನ್ನು ಮುಟ್ಟಿ ಹೋಗಿರುತ್ತಾನೆ.

"ನಿದ್ದೆ ಮಾಡ್ತಿದೀಯೇನ್ಲೇ?" ಎಂದು ಕ್ಯಾಪ್ಟನ್ ಬೈಯುತ್ತಾನೆ. ನಾನು ಹೊರಗೆ ಹೋಗಿ ಕೂರುತ್ತೇನೆ.