ಕರಡಿಮರಿಯ ಮಾತು

ನನ್ನ ತಂಗಿಯ ಮಗಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಕಿವಿ ಬಲು ಚುರುಕು. ಕುರಿಗಳು ದೊಡ್ಡಿಗೆ ಮರಳುವ ಸದ್ದು ನಮಗಿಂತ ಮೊದಲು ಅವಳಿಗೇ ಕೇಳುತ್ತಿತ್ತು. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಿದ್ದಳು, ನಗುತ್ತಿದ್ದಳು, ಸಿಟ್ಟು ಬಂದರೆ ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು. ಬಾಯಿಂದ ಒಂದಕ್ಷರ ಬರುತ್ತಿರಲಿಲ್ಲ.

ತಂಗಿಯನ್ನು ಕೊಟ್ಟದ್ದು ಗುಡೂರಿಗೆ. ಅವಳ ಗಂಡ ವರ್ಷದ ಹೆಚ್ಚು ಕಾಲ ಕುರಿಗಳ ಹಿಂದೆ ಊರೂರು ತಿರುಗುವವನು. ಮನೆಯಲ್ಲಿ ಇರುವವರು ತಂಗಿ, ಅವಳ ಅತ್ತೆ, ಈ ಮಗು. ಅತ್ತೆ ದಿನಾ ಮೊಮ್ಮಗಳ ಹಣೆಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿ, "ತಡಾಗಿ ಮಾತಾಡೂ ಕೂಸು ಭಾಳ ಅದಾವ ತಗೋ" ಎನ್ನುತ್ತಿದ್ದರು. ತಂಗಿಗೆ ಅದರಿಂದ ಸಮಾಧಾನವಿರಲಿಲ್ಲ.

ಒಂದು ಬೇಸಿಗೆಯಲ್ಲಿ ಅವಳು ಮಗಳನ್ನು ಕರೆದುಕೊಂಡು ಬಾಗಲಕೋಟೆಯ ನಮ್ಮ ಮನೆಗೆ ಬಂದಿದ್ದಳು. ಟಾಕೀಸಿನಲ್ಲಿ ಮಕ್ಕಳ ಸಿನಿಮಾ ಒಂದು ನಡೆಯುತ್ತಿತ್ತು, ಮೂವರೂ ಹೋದೆವು. ಕಾಡಿನಲ್ಲಿ ದಾರಿ ತಪ್ಪಿದ ಕರಡಿಮರಿಯೊಂದು ತಾಯಿಯನ್ನು ಹುಡುಕುವ ಕಥೆ. ಕತ್ತಲೆಯಲ್ಲಿ ಮರಿ ಕೂಗಿ ಅಳುವಾಗ ಮಗು ಕುರ್ಚಿಯ ಮೇಲೆ ಎದ್ದು ನಿಂತು, ಬಾಯಿ ತೆರೆದು, "ಆ" ಎಂದು ಸಣ್ಣ ದನಿ ತೆಗೆಯಿತು. ತಂಗಿ ನನ್ನ ಕೈಯನ್ನು ನೋಯುವಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.

ಆ ಸಿನಿಮಾದ ಹೆಸರಿನಲ್ಲೇ ಆಟಿಕೆಗಳೂ ಬಂದಿದ್ದವು. ಮೊಬೈಲಿನಲ್ಲಿ ಅದರ ಜಾಹೀರಾತು ಪದೇ ಪದೇ ಬರುತ್ತಿತ್ತು. ಒಬ್ಬ ಹುಡುಗಿ ಗೊಂಬೆಯನ್ನು "ಹಸಿವಾಗಿದೆಯಾ?" ಎಂದು ಕೇಳುತ್ತಾಳೆ. ಗೊಂಬೆ ಕತ್ತು ತಿರುಗಿಸಿ "ಹೂಂ, ನನಗೆ ಜೇನು ಬೇಕು" ಎನ್ನುತ್ತದೆ. ಇಬ್ಬರೂ ನಗುತ್ತಾರೆ. ತಂಗಿ ಅದನ್ನು ತಿರುಗಿ ತಿರುಗಿ ನೋಡಿದಳು.

"ಯಕ್ಕಾ, ಇದು ಕೇಳಿದ್ದಕ್ಕ ಉತ್ತರ ಕೊಡ್ತೈತಿ ನೋಡು. ನಾವು ಮಾತಾಡಿಸಿದ್ರ ಆಕಿ ಸುಮ್ನ ಇರ್ತಾಳ. ಇದರ ಜೋಡಿ ಮಾತಾಡಬಹುದಲ್ಲ?"

ಪೇಟೆಯ ಅಂಗಡಿಯೊಂದರಲ್ಲಿ ಅದು ಸಿಕ್ಕಿತು. ಡಬ್ಬಿಯ ಮೇಲೆ ಸಿನಿಮಾದ ಚಿತ್ರ, ಅದರ ಕೆಳಗೆ ದೊಡ್ಡ ಅಕ್ಷರದಲ್ಲಿ 'ನಿಮ್ಮ ಮಗುವಿನ ಜೊತೆ ಮಾತಾಡುವ ಗೆಳೆಯ'.

ಮನೆಗೆ ತಂದು ಬಿಚ್ಚಿದ ಮೇಲೆ ಗೊತ್ತಾಯಿತು, ಅದಕ್ಕೆ ನಮ್ಮ ಮಾತು ಕೇಳುವ ಕಿವಿಯೇ ಇರಲಿಲ್ಲ. ಹೊಟ್ಟೆ ಒತ್ತಿದರೆ ಯಾವುದೋ ಒಂದು ವಾಕ್ಯ ಹೇಳುತ್ತಿತ್ತು. ಹಸಿವಾಗಿದೆಯಾ ಎಂದು ಕೇಳಿದರೆ "ಬಾ, ಆಟ ಆಡೋಣ" ಎನ್ನುತ್ತಿತ್ತು. ಇದ್ದ ಕೆಲವೇ ವಾಕ್ಯಗಳು ಸುತ್ತಿ ಸುತ್ತಿ ಬರುತ್ತಿದ್ದವು. ಒಂದಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ಮಾತ್ರ ತಾನಾಗಿಯೇ, ಸಿನಿಮಾದ ಅದೇ ಅಳುವ ದನಿಯಲ್ಲಿ, "ಎಲ್ಲಿದ್ದೀಯಾ? ನನಗೆ ಭಯವಾಗುತ್ತಿದೆ. ನನ್ನನ್ನು ಬಿಟ್ಟು ಹೋಗಬೇಡ" ಎನ್ನುತ್ತಿತ್ತು. ಮಗು ಓಡಿ ಬಂದು ಎತ್ತಿಕೊಳ್ಳಲಿ ಎಂದೇ ಹಾಗೆ ಮಾಡಿರಬೇಕು. ನನಗೆ ಮೋಸಹೋದಂತೆ ಅನ್ನಿಸಿತು. ತಂಗಿ "ಇರಲಿ ಬಿಡು, ಆಕಿಗೆ ಸೇರೈತಿ" ಎಂದು ಊರಿಗೆ ಒಯ್ದಳು.

ಮುಂದೆ ನಾನು ಗುಡೂರಿಗೆ ಹೋದಾಗಲೆಲ್ಲ ಆ ದನಿ ಕೇಳಿದ್ದೇನೆ. ಊಟ ಮುಗಿದು ಎಲ್ಲರೂ ಅಡ್ಡಾದ ಹೊತ್ತು, ಜೋಳದ ಚೀಲಗಳ ಸಂದಿಯಿಂದ "ಎಲ್ಲಿದ್ದೀಯಾ?" ಅಂಗಳದ ನಾಯಿ ಕಿವಿ ನಿಮಿರಿಸುತ್ತಿತ್ತು. ಅತ್ತೆ ಎದ್ದು ಕುಳಿತು, "ಯಾರರ ಹೋಗಿ ಅದಕ್ಕ ಏನರ ಅನ್ರವಾ. ಮನ್ಯಾಗ ಹಿಂಗ ಅಳಬಾರದು" ಎನ್ನುತ್ತಿದ್ದರು. ಮಗು ಓಡಿಹೋಗಿ ಗೊಂಬೆಯನ್ನು ಎದೆಗೆ ಒತ್ತಿಕೊಳ್ಳುತ್ತಿತ್ತು. ಬರಬರುತ್ತ ತಂಗಿಗೆ ಆ ದನಿ ಕೇಳಿ ಕೇಳಿ ರೂಢಿಯಾಯಿತು. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಗೊಂಬೆಯ ದನಿ ಎಳೆಯತೊಡಗಿತು. ಹೊಸ ಸೆಲ್ ಹಾಕೋಣವೆಂದು ನಾನು ಪಡಸಾಲೆಯಲ್ಲಿ ಕುಳಿತು ಅದರ ಬೆನ್ನು ಬಿಚ್ಚಿದೆ. ಹಳೆಯ ಸೆಲ್‌ಗಳನ್ನು ತೆಗೆದು ನೆಲದ ಮೇಲಿಟ್ಟಿದ್ದೆ, ಗೊಂಬೆ ನನ್ನ ತೊಡೆಯ ಮೇಲಿತ್ತು. ತಂಗಿ ಹಿತ್ತಲಲ್ಲಿ ಭಾಂಡೆ ತೊಳೆಯುತ್ತಿದ್ದಳು.

"ಎಲ್ಲಿದ್ದೀಯಾ? ನನಗೆ ಭಯವಾಗುತ್ತಿದೆ."

ಅದೇ ರಾಗ. ನಡುವೆ ಅದೇ ಬಿಕ್ಕು.

ಹಿತ್ತಲಿಂದ ತಂಗಿ ಕೂಗಿದಳು: "ಯಕ್ಕಾ, ಅದರ ಬಾಯಿ ಒಂದೀಟ ಮುಚ್ಚ."

ನಾನು ತೊಡೆಯ ಮೇಲಿನ ಗೊಂಬೆಯನ್ನು ನೋಡಿದೆ. ಆಮೇಲೆ ಹಿಂದೆ ತಿರುಗಿದೆ. ಮಗು ಹೊಸ್ತಿಲ ಬಳಿ ನಿಂತು ಹಿತ್ತಲ ಬಾಗಿಲನ್ನೇ ನೋಡುತ್ತಿತ್ತು. ತುಟಿ ಅಲುಗಿತು. "ನನ್ನನ್ನು ಬಿಟ್ಟು ಹೋಗಬೇಡ."

ಸಂತೋಷ ಆಗಬೇಕಿತ್ತು. ನನಗೆ ಮೊದಲು ಆದದ್ದು ಹೆದರಿಕೆ.

"ಗೊಂಬಿ ಅಲ್ಲ ತಂಗಿ," ಎಂದೆ. "ಸೆಲ್ ತಗದೇನಿ. ಅಂದಾಕಿ ನಿನ್ನ ಮಗಳು."

ತಂಗಿ ಒದ್ದೆ ಕೈಯಲ್ಲೇ ಬಂದು ಮಗಳ ಮುಂದೆ ಕುಕ್ಕರಿಸಿದಳು. "ಇನ್ನೊಮ್ಮೆ ಅನ್ನವ್ವ," ಎಂದಳು. ಮಗು ಅದನ್ನೇ ಅಂದಿತು, ಒಂದಕ್ಷರವೂ ಬದಲಿಲ್ಲದೆ. ತಂಗಿ ನಕ್ಕಳು, ಅಪ್ಪಿಕೊಂಡಳು, ಆಮೇಲೆ ಇದ್ದಕ್ಕಿದ್ದಂತೆ ನನ್ನ ಮುಖ ನೋಡಿದಳು.

"ಯಕ್ಕಾ, ಎಂದಿನಿಂದ ಹಿಂಗ ಅಂತಿದ್ಲೋ ಏನೋ. ನಾ ಅದ ಗೊಂಬಿ ಅಂತ ತಿಳಕೊಂಡು ತಿರುಗಿ ನೋಡಿಲ್ಲಲ್ಲ."

ನಾನು ಹೊಸ ಸೆಲ್ ಹಾಕಿ ಗೊಂಬೆಯ ಬೆನ್ನು ಮುಚ್ಚಿದೆ.

ಆಮೇಲಿನ ವಾರಗಳಲ್ಲಿ ಮಗು ಗೊಂಬೆಯ ವಾಕ್ಯಗಳನ್ನಷ್ಟೇ ಆಡಿತು. ಹಸಿವಾದರೂ "ಬಾ, ಆಟ ಆಡೋಣ". ನಮ್ಮ ಕಡೆ ಯಾರೂ ಆಡದ ಆ ಪುಸ್ತಕದ ಕನ್ನಡ ಮನೆಯ ಮೂಲೆಯಿಂದ ಕೇಳಿಬಂದರೆ ಅತ್ತೆಯ ಕೈ ಭಂಡಾರದ ಚೀಲಕ್ಕೆ ಹೋಗುತ್ತಿತ್ತು. "ಕೂಸಿನ ಬಾಯಾಗ ಬ್ಯಾರೆ ಯಾರೋ ಕುಂತಾರ," ಎಂದು ನನ್ನೊಬ್ಬಳ ಹತ್ತಿರ ಹೇಳಿದರು.

ಮಗುವನ್ನು ಬಾಗಲಕೋಟೆಯ ದವಾಖಾನೆಗೆ ತೋರಿಸಿದೆವು. ಡಾಕ್ಟರ್ ಒತ್ತಿ ಹೇಳಿದ್ದು ಒಂದೇ: "ಸೆಲ್ ತಗದಿಡ್ರಿ. ಆಕಿ ಏನರ ಅಂದಾಗ ಮನುಷ್ಯಾರು ಉತ್ತರ ಕೊಡ್ರಿ."

ಅಲ್ಲಿಂದ ತಂಗಿ ನೆಟ್ಟಗೆ ಗೊಂಬೆ ಕೊಂಡಿದ್ದ ಅಂಗಡಿಗೆ ನಡೆದಳು. "ಕರಡಿ ಗೊಂಬಿ ಡಬ್ಬಿ ಮ್ಯಾಲೆ ಜೊತೆ ಮಾತಾಡ್ತೈತಿ ಅಂತ ಬರದೈತಿ. ಜೋಡಿ ಮಾತಾಡೂದಂದ್ರ ಏನ್ರಿ?"

ಅಂಗಡಿಯವನು ಒಳ್ಳೆಯವನೇ. ಅಂಥದೇ ಡಬ್ಬಿ ತೆಗೆದು ತಳದ ಸಣ್ಣ ಅಕ್ಷರ ತೋರಿಸಿದ. ಅಲ್ಲಿದ್ದ ಇಂಗ್ಲಿಷನ್ನು ನಾನು ಓದಿ ಹೇಳಿದೆ: ಚಿತ್ರದಲ್ಲಿ ಇರುವಂತೆಯೇ ಆಟಿಕೆ ಇರಬೇಕೆಂದಿಲ್ಲ.

"ನಾವು ಬರದಿದ್ದಲ್ರಿ ಅಕ್ಕಾರ," ಎಂದ. "ಬ್ಯಾರೆ ಏನರ ಬೇಕಂದ್ರ ಬದ್ಲಿ ಒಯ್ರಿ."

"ಅದು ಮಾತು ಕಲಿಸೈತಿ ಆಕಿಗೆ. ಅದನ್ನ ಹೆಂಗ ಬದ್ಲಿ ಮಾಡ್ತೀರಿ?" ತಂಗಿ ಕೂಗಲಿಲ್ಲ. ಅವನು ಡಬ್ಬಿಯನ್ನು ಮತ್ತೆ ಮೇಲಿಟ್ಟ.

ತಂಗಿ ಡಾಕ್ಟರ್ ಹೇಳಿದಂತೆ ನಡೆದಳು. ಮಗು "ಎಲ್ಲಿದ್ದೀಯಾ?" ಎಂದಾಗಲೆಲ್ಲ, ರೊಟ್ಟಿ ಬಡಿಯುತ್ತಿರಲಿ, ನೀರು ಸೇದುತ್ತಿರಲಿ, "ಇಲ್ಲೇ ಅದೇನಿ ನೋಡವ್ವ" ಎಂದಳು. ಮಗು ಮೊದಮೊದಲು ಬೆರಗಾಗಿ ನೋಡುತ್ತಿತ್ತು. ಯಾರಾದರೂ ಉತ್ತರ ಕೊಡುತ್ತಾರೆ ಎನ್ನುವುದೇ ಅದಕ್ಕೆ ಗೊತ್ತಿರಲಿಲ್ಲವೇನೋ. ಒಂದು ದಿನ "ಇಲ್ಲೇ" ಎಂದು ತಾನೂ ಅಂದಿತು. ಅಲ್ಲಿಂದ ಮಾತು ಒಂದೊಂದಾಗಿ ಬಂತು.

ಈಗ ಅವಳು ಶಾಲೆಗೆ ಹೋಗುತ್ತಾಳೆ. "ದೊಡ್ಡವ್ವ, ನಾಳಿ ನಿಮ್ಮ ಮನಿಗೆ ಬರ್ತೇನಿ" ಎಂದು ಫೋನಿನಲ್ಲಿ ಹರಟುತ್ತಾಳೆ. ಜ್ವರ ಬಂದರೆ ಮಾತ್ರ ಕಣ್ಣು ಮುಚ್ಚಿ ಆ ಹಳೆಯ ರಾಗದಲ್ಲೇ ನರಳುತ್ತಾಳೆ, "ಭಯವಾಗುತ್ತಿದೆ" ಎಂದು. ಆಗ ನಮ್ಮಲ್ಲಿ ಯಾರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಮೊನ್ನೆ ಎಲ್ಲರೂ ಮಹಾಕೂಟದ ಗುಡಿಗೆ ಹೋಗಿದ್ದೆವು. ಹೊಂಡದ ಮೆಟ್ಟಿಲ ಮೇಲೆ ಕುಳಿತಿದ್ದ ಹೆಂಗಸೊಬ್ಬಳು ಇವಳ ಬಾಯಿಬಡುಕತನಕ್ಕೆ ನಕ್ಕು, ತಡವಾಗಿ ಮಾತು ಬಂದ ಮಗು ಎಂದು ತಿಳಿದ ಮೇಲೆ, "ಮೊದಲ ಏನಂದ್ಲವಾ?" ಎಂದು ಕೇಳಿದಳು.

"ಅವ್ವ ಅಂದ್ಲರಿ," ಎಂದಳು ತಂಗಿ.

ನಾನು ನೀರು ನೋಡುತ್ತ ಕುಳಿತೆ. ಅತ್ತೆ ಸೆರಗು ಸರಿಮಾಡಿಕೊಂಡು, "ಹೌದ್, ನಾನೂ ಕೇಳೇನಿ," ಎಂದರು.